ಯಾರ ಮುಖ ಕಾಣಬೇಕು?

ಬಡಾವಣೆಯಲ್ಲಿ ಕಳ್ಳತನವಾದ ಮರುದಿನ ವಾಟ್ಸ್ಆ್ಯಪ್ ಗುಂಪಿಗೆ ಒಂದು ವಿಡಿಯೊ ಬಂದೇ ಬರುತ್ತದೆ. ಟೋಪಿ ಹಾಕಿದವನೊಬ್ಬ ಗೇಟು ಹಾರುತ್ತಾನೆ, ಸ್ವಲ್ಪ ಹೊತ್ತಿಗೆ ಚೀಲ ಹೊತ್ತು ಹೊರಬೀಳುತ್ತಾನೆ. ನೆತ್ತಿ ಕಾಣುತ್ತದೆ, ಹೆಗಲು ಕಾಣುತ್ತದೆ, ಚಪ್ಪಲಿಯೂ ಕಾಣುತ್ತದೆ. ಠಾಣೆಯಲ್ಲಿ ಅದನ್ನು ಹಿಗ್ಗಿಸಿ ನೋಡಿದರೆ ಮುಖವಿರಬೇಕಾದ ಕಡೆ ಬೂದು ಬಣ್ಣದ ಚೌಕಗಳಷ್ಟೇ. ನಾಲ್ಕು ಕ್ಯಾಮೆರಾಗಳಿಗೆ ಹಣ ಸುರಿದ ಮನೆಯವರ ಸಂಕಟ ನನಗೆ ಅರ್ಥವಾಗುತ್ತದೆ. ಕೊಳ್ಳುವಾಗ ಅವರು ಎಷ್ಟು ಕ್ಯಾಮೆರಾ, ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳಿದ್ದರು. ಯಾರ ಮುಖ, ಎಲ್ಲಿ ನಿಂತಾಗ ಕಾಣಬೇಕು ಎಂದು ಯಾರೂ ಅವರನ್ನು ಕೇಳಿರಲಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ತಾಲ್ಲೂಕು ಕೇಂದ್ರದ ಕಂಪ್ಯೂಟರ್ ಅಂಗಡಿಯಲ್ಲಾಗಲಿ ಸಿಸಿ ಕ್ಯಾಮೆರಾ ಸೆಟ್ ಲೆಕ್ಕದಲ್ಲಿ ಮಾರಾಟವಾಗುತ್ತದೆ: ನಾಲ್ಕು ಕ್ಯಾಮೆರಾ, ದೃಶ್ಯ ದಾಖಲಿಸುವ ಒಂದು ಡಿವಿಆರ್, ಒಂದು ಹಾರ್ಡ್‌ಡಿಸ್ಕ್. ಅದರಲ್ಲಿ ಸಾಮಾನ್ಯವಾಗಿ ಬರುವುದು 2.8 ಮಿ.ಮೀ. ಲೆನ್ಸ್. ಅಂಗಳವನ್ನೆಲ್ಲ ಒಂದೇ ನೋಟಕ್ಕೆ ತೋರಿಸುವುದರಿಂದ ಟಿವಿ ಪರದೆಯಲ್ಲಿ ನೋಡಿದವರಿಗೆ ತುಂಬ ಇಷ್ಟವಾಗುತ್ತದೆ. ಆದರೆ ಅಪರಿಚಿತನೊಬ್ಬನ ಗುರುತು ಹಿಡಿಯಬೇಕಾದರೆ ಅವನು ನಿಂತ ಜಾಗದ ಪ್ರತಿ ಮೀಟರ್ ಅಗಲಕ್ಕೆ ಸುಮಾರು 250 ಪಿಕ್ಸೆಲ್ ಬೇಕು ಎಂಬುದು ಈ ಕ್ಷೇತ್ರದ ಅಂತರರಾಷ್ಟ್ರೀಯ ಮಾನದಂಡ. ಈ ಲೆಕ್ಕದಲ್ಲಿ 2 ಮೆಗಾಪಿಕ್ಸೆಲ್‌ನ ಅಗಲ ನೋಟದ ಕ್ಯಾಮೆರಾ ಹತ್ತು ಅಡಿ ದೂರದವರೆಗೆ ಮಾತ್ರ ಮುಖ ಕೊಡುತ್ತದೆ. ಅದೇ ಕ್ಯಾಮೆರಾಕ್ಕೆ 6 ಮಿ.ಮೀ. ಲೆನ್ಸ್ ಇದ್ದರೆ ನೋಟ ಕಿರಿದಾಗುತ್ತದೆ, ಇಪ್ಪತ್ತೈದು ಅಡಿ ಆಚೆಯ ಗೇಟಿನಲ್ಲಿ ನಿಂತವನ ಮುಖ ಸಿಗುತ್ತದೆ. ಅಂಗಳಕ್ಕೆ ಅಗಲ ನೋಟ, ಗೇಟಿಗೆ ಕಿರಿದಾದ ನೋಟ. ಇಷ್ಟು ಬೇರ್ಪಡಿಸಿಕೊಂಡರೆ ಎರಡು ಕ್ಯಾಮೆರಾ ಮಾಡುವ ಕೆಲಸವನ್ನು ಒಂದೇ ಥರದ ಎಂಟು ಕ್ಯಾಮೆರಾಗಳೂ ಮಾಡಲಾರವು.

ಎತ್ತರದ ತಪ್ಪು ಇನ್ನೂ ದೊಡ್ಡದು. ಕೈಗೆ ಸಿಗಬಾರದೆಂದು ಮೊದಲ ಮಹಡಿಯ ಸಜ್ಜಾಕ್ಕೆ ಕ್ಯಾಮೆರಾ ಬಿಗಿದರೆ ಅದಕ್ಕೆ ಸಿಗುವುದು ತಲೆಗೂದಲು. ಒಂದಾದರೂ ಕ್ಯಾಮೆರಾ ಎಂಟು ಅಡಿಯ ಆಸುಪಾಸಿನಲ್ಲಿ, ಒಳಗೆ ಬರುವವರಿಗೆ ಎದುರಾಗಿ ಇರಬೇಕು. ಕಿರಾಣಿ ಅಂಗಡಿಯಲ್ಲಿ ಇದರ ಜೊತೆ ಬೆಳಕಿನ ತೊಂದರೆ. ಗಲ್ಲಾದ ಮೇಲಿನ ಕ್ಯಾಮೆರಾ ಬಾಗಿಲಿನ ಕಡೆ ಮುಖ ಮಾಡಿರುತ್ತದೆ. ಶಟರ್ ಪೂರ್ತಿ ತೆರೆದಿರುತ್ತದೆ, ಆಚೆ ಡಾಂಬರು ರಸ್ತೆಯ ಮೇಲೆ ಮಧ್ಯಾಹ್ನದ ಬಿಸಿಲು. ಒಳಬರುವ ಗಿರಾಕಿಗಳೆಲ್ಲ ಪರದೆಯ ಮೇಲೆ ಕಪ್ಪು ಆಕೃತಿಗಳು. ಎದುರು ಬೆಳಕನ್ನು ತಡೆದುಕೊಳ್ಳುವ ಕ್ಯಾಮೆರಾಗಳಿವೆ. ಪೆಟ್ಟಿಗೆಯ ಮೇಲೆ ಡಬ್ಲ್ಯುಡಿಆರ್ ಎಂದಿರುತ್ತದೆ. ಅದರಲ್ಲೂ ‘ಟ್ರೂ ಡಬ್ಲ್ಯುಡಿಆರ್’ ಎಂದೇ ಕೇಳಿ ಕೊಳ್ಳಬೇಕು. ಅಂಗಡಿಯವರು ನಾಲ್ಕನೇ ಕ್ಯಾಮೆರಾ ಬಿಟ್ಟು ಆ ಹಣವನ್ನು ಇಲ್ಲಿ ಹಾಕುವುದು ಮೇಲು.

ರಾತ್ರಿಯದು ಬೇರೆಯೇ ಪಾಡು. ಕ್ಯಾಮೆರಾ ಹೊಮ್ಮಿಸುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಪಕ್ಕದ ಗೋಡೆಗೋ ಕಿಟಕಿಯ ಸರಳಿಗೋ ತಾಗಿ ಮರಳಿದರೆ ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಲೆನ್ಸಿನ ಮುಂದೆ ಜೇಡ ಬಲೆ ಕಟ್ಟಿದರೂ ಅಷ್ಟೇ. ತಿಂಗಳಿಗೊಮ್ಮೆ ಬಟ್ಟೆಯಲ್ಲಿ ಒರೆಸುವುದಕ್ಕೆ ಯಾವ ತಂತ್ರಜ್ಞನೂ ಬೇಕಿಲ್ಲ.

ರೆಕಾರ್ಡಿಂಗ್ ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಮಾರುವವರ ಬಾಯಿಮಾತಿಗೆ ಬಿಡಬಾರದು. 2 ಎಂಬಿಪಿಎಸ್ ವೇಗದಲ್ಲಿ ಹಗಲಿರುಳೂ ರೆಕಾರ್ಡ್ ಮಾಡುವ ಒಂದು ಕ್ಯಾಮೆರಾ ದಿನಕ್ಕೆ 20 ಜಿಬಿಗೂ ಹೆಚ್ಚು ಜಾಗ ತಿನ್ನುತ್ತದೆ. ನಾಲ್ಕು ಕ್ಯಾಮೆರಾ ಇದ್ದರೆ 1 ಟಿಬಿ ಡಿಸ್ಕ್ ಹನ್ನೊಂದು ಹನ್ನೆರಡು ದಿನಕ್ಕೇ ತುಂಬಿ ಹಳೆಯದನ್ನು ಅಳಿಸತೊಡಗುತ್ತದೆ. ಹಬ್ಬಕ್ಕೆಂದು ಊರಿಗೆ ಹೋಗಿ ಹದಿನೈದು ದಿನಕ್ಕೆ ಮರಳಿದವರಿಗೆ ಹೊರಟ ರಾತ್ರಿಯ ದೃಶ್ಯ ಸಿಗುವುದಿಲ್ಲ. ಕಲ್ಯಾಣಮಂಟಪ, ಮಾಲ್‌ನಂಥ ಜನ ಸೇರುವ ಸ್ಥಳಗಳವರು 30 ದಿನಗಳ ದೃಶ್ಯ ಇಟ್ಟುಕೊಳ್ಳಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಮನೆಯವರಿಗೂ ಅದು ಒಳ್ಳೆಯ ಅಳತೆಯೇ.

ಡಿವಿಆರ್ ಅನ್ನು ಹಾಲ್‌ನಲ್ಲಿ ಟಿವಿ ಪಕ್ಕ ಇಡಬೇಡಿ. ಕಳ್ಳರು ಅದನ್ನೇ ಹೊತ್ತೊಯ್ಯುತ್ತಾರೆ. ಯುಪಿಎಸ್‌ಗೆ ಜೋಡಿಸಿ. ಅದರ ಗಡಿಯಾರ ಸರಿಯಿರಲಿ. ನ್ಯಾಯಾಲಯಕ್ಕೆ ದೃಶ್ಯ ಕೊಡಬೇಕಾಗಿ ಬಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರವೂ ಬೇಕು. ಗಂಟೆ, ತಾರೀಖು ತಪ್ಪಿದ್ದರೆ ಎದುರು ಪಕ್ಷದ ವಕೀಲರು ಮೊದಲು ಹಿಡಿಯುವುದು ಅದನ್ನೇ.

ನಾನು ಹೆಚ್ಚು ಹೆದರುವುದು ಪಾಸ್‌ವರ್ಡ್ ವಿಷಯಕ್ಕೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ಡಿವಿಆರ್ ಮೊದಲಾದ ಸಾಧನಗಳನ್ನು ವಶಮಾಡಿಕೊಂಡಿತ್ತು. ಕಾರ್ಖಾನೆಯಲ್ಲಿ ಕೊಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ, ಅದಕ್ಕೆ ಅಷ್ಟೇ ಸಾಕಾಯಿತು. 2025ರ ಫೆಬ್ರುವರಿಯಲ್ಲಿ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾ ದೃಶ್ಯಗಳು ಸೋರಿ, ತಪಾಸಣೆಗೆ ಬಂದ ಹೆಣ್ಣುಮಕ್ಕಳ ಖಾಸಗಿ ಕ್ಷಣಗಳು ಟೆಲಿಗ್ರಾಂನಲ್ಲಿ ಮಾರಾಟಕ್ಕೆ ಬಂದವು. ಆ ತಾಯಂದಿರಿಗೆ ಆದ ಗಾಯಕ್ಕೆ ಯಾವ ದಂಡ, ಯಾವ ಪರಿಹಾರ ಸಮವಾದೀತು? ತಪಾಸಣೆಯ ಕೋಣೆಯಲ್ಲಿ ಕ್ಯಾಮೆರಾ ಇರಲೇಬಾರದಿತ್ತು. 2025ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಕ್ಯಾಮೆರಾಗಳಿಗೆ ಸೈಬರ್ ಭದ್ರತೆಯ ಪರೀಕ್ಷೆ ಕಡ್ಡಾಯಗೊಳಿಸಿದೆ. ಅದರ ಎಸ್‌ಟಿಕ್ಯುಸಿ ಪ್ರಮಾಣೀಕರಣ ಇದೆಯೇ ಎಂದು ಕೇಳಿ, ಬಿಲ್‌ನಲ್ಲಿ ಮಾದರಿಯ ಸಂಖ್ಯೆ ಬರೆಸಿಕೊಳ್ಳಿ. ಪಾಸ್‌ವರ್ಡನ್ನು ಮಾತ್ರ ಕ್ಯಾಮೆರಾ ಹಾಕಲು ಬಂದ ಹುಡುಗನ ಕೈಗೆ ಬಿಡದೆ ನೀವೇ ಬದಲಿಸಿ.

ಮನೆಯೊಳಗಿನ ಕ್ಯಾಮೆರಾಕ್ಕೆ ಒಪ್ಪಿಗೆ ಬೇಕು. ಅಣ್ಣತಮ್ಮಂದಿರ ವ್ಯಾಜ್ಯವೊಂದರಲ್ಲಿ, ಜೊತೆಯಲ್ಲಿ ವಾಸಿಸುವವರ ಒಪ್ಪಿಗೆಯಿಲ್ಲದೆ ವಾಸದ ಭಾಗದಲ್ಲಿ ಕ್ಯಾಮೆರಾ ನಡೆಸುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ ಹೇಳಿತು. 2025ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿನಲ್ಲಿ ಕೈಹಾಕಲಿಲ್ಲ. ಮನೆಗೆಲಸಕ್ಕೆ ಬರುವ ಅಕ್ಕನಿಗೂ ಎಲ್ಲೆಲ್ಲಿ ಕ್ಯಾಮೆರಾ ಇದೆಯೆಂದು ತಿಳಿಸುವುದು ನಮ್ಮ ಹೊಣೆ. ನಿಮ್ಮ ಗೇಟಿನ ಕ್ಯಾಮೆರಾದಲ್ಲಿ ಎದುರು ಮನೆಯ ಕಿಟಕಿ, ಬಟ್ಟೆ ಒಣಗಿಸುವ ಬಾಲ್ಕನಿ ಬೀಳುತ್ತಿದ್ದರೆ ಆ ಭಾಗವನ್ನಷ್ಟೇ ಕಪ್ಪಾಗಿಸುವ ‘ಪ್ರೈವಸಿ ಮಾಸ್ಕ್’ ಸೌಲಭ್ಯ ಹೆಚ್ಚಿನ ಡಿವಿಆರ್‌ಗಳ ಮೆನುವಿನಲ್ಲೇ ಇರುತ್ತದೆ. ಕ್ಯಾಮೆರಾ ಹಾಕಲು ಬಂದವರು ಏಣಿ ಎತ್ತಿಕೊಂಡು ಹೊರಡುವ ಮೊದಲು ಅದನ್ನು ಮಾಡಿಸಿ, ಎದುರು ಮನೆಯವರನ್ನು ಕರೆದು ಪರದೆ ತೋರಿಸಿ.