ತಂತ್ರಾಂಶದ ಹಂಗಿಲ್ಲದ ದಾಖಲೆ

‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಕನ್ನಡ ಕಡತಗಳನ್ನು ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ಅರ್ಥಹೀನ ಚಿಹ್ನೆಗಳ ರಾಶಿ. 1991ರಲ್ಲೇ ಯೂನಿಕೋಡ್ ಕನ್ನಡ ಅಕ್ಷರಗಳಿಗೆ ಸಂಕೇತ ನೀಡಿದ್ದರೂ ಆಡಳಿತ ಅದನ್ನು ಅಪ್ಪಿಕೊಳ್ಳಲು ಬಹುಕಾಲ ಹಿಡಿಯಿತು.

ಬ್ರೌಸರಿನಲ್ಲೇ ತೆರೆದುಕೊಳ್ಳುವ ಸರಳ ಪಠ್ಯ ಸಂಪಾದಕಗಳ ಮಹತ್ವ ಇಲ್ಲಿದೆ. ಅಲಂಕಾರದ ಗೊಡವೆಗೆ ಹೋಗದೆ ಅವು ಅಕ್ಷರವನ್ನಷ್ಟೇ ಉಳಿಸುತ್ತವೆ. ಟಿಪ್ಪಣಿಯಾಗಲಿ, ಕಂಪ್ಯೂಟರ್ ಕೋಡ್ ಆಗಲಿ, ದುಬಾರಿ ಪರವಾನಗಿಯಿಲ್ಲದೆ ಬರೆಯಬಹುದು. ಬೇರೆ ಗಣಕದಲ್ಲೂ ಓದಬಹುದು. ಆದರೆ ಬ್ರೌಸರಿನ ಸಂಗ್ರಹವನ್ನು ಅಳಿಸಿದರೆ ಅಲ್ಲಿರುವ ಬರಹವೂ ಅಳಿದೀತು. ಆದ್ದರಿಂದ ಅದನ್ನು ಕಡತವಾಗಿ ಇಳಿಸಿಕೊಳ್ಳುವುದು ಅಗತ್ಯ.

ಸಾರ್ವಜನಿಕ ದಾಖಲೆ ಯಾವುದೇ ಒಂದು ತಂತ್ರಾಂಶದ ಹಂಗಿನಲ್ಲಿರಬಾರದು. ಸರ್ಕಾರದ ಪ್ರತಿ ಆದೇಶವೂ ಯೂನಿಕೋಡಿನ ಸರಳ ಪಠ್ಯದಲ್ಲಿಯೂ ದೊರೆಯಲಿ. ಮೂವತ್ತು ವರ್ಷಗಳ ಬಳಿಕ ನಾಗರಿಕನು ಓದಲಾಗದ ಆದೇಶ ಇದ್ದೂ ಇಲ್ಲದಂತೆ.