ತುಂಗಭದ್ರೆಯ ಯಾತ್ರೆಯೂ ರೇಲ್ವೆಯ ಹಳಿಯೂ

‘ಗಂಗಾಸ್ನಾನ, ತುಂಗಾಪಾನ’ ಎಂಬ ಮಾತನ್ನು ಕೇಳದ ಕನ್ನಡಿಗನಿಲ್ಲ. ಆದರೆ ಶೃಂಗೇರಿಯ ತುಂಗೆಯು ಕೂಡಲಿಯಲ್ಲಿ ಭದ್ರೆಯೊಡನೆ ಬೆರೆತು, ಹರಿಹರ, ಹಂಪೆ, ಮಂತ್ರಾಲಯಗಳನ್ನು ಪಾವನಗೊಳಿಸಿ, ಅಲಂಪುರವನ್ನು ದಾಟಿ ಕೃಷ್ಣೆಯನ್ನು ಕೂಡುವವರೆಗೆ, ಆಕೆಯ ದಂಡೆಯನ್ನು ಹಿಡಿದು ಯಾತ್ರೆ ಮಾಡಿದವರು ನಮ್ಮಲ್ಲಿ ಎಷ್ಟು ಮಂದಿ? ಭಕ್ತಿಯ ಕೊರತೆಯಿಂದ ಹೀಗಾಗಿರುವದೆಂದು ನಾವು ಒಪ್ಪಲಾರೆವು. ಈ ಕ್ಷೇತ್ರಗಳು ಒಂದೇ ಮಾಲೆಯ ಮಣಿಗಳಾಗಿದ್ದರೂ, ಅವುಗಳನ್ನು ಪೋಣಿಸತಕ್ಕ ದಾರವು ನಮ್ಮ ರೇಲ್ವೆಯಲ್ಲಿಲ್ಲ.

ಇದರ ಕಾರಣವನ್ನು ಇತಿಹಾಸದಲ್ಲಿ ಹುಡುಕಬೇಕು. ಮುಂಬಯಿ ಮತ್ತು ಮದ್ರಾಸುಗಳ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. 1876ರಿಂದ 1878ರವರೆಗಿನ ಘೋರ ಬರಗಾಲದ ತರುವಾಯ, 1882ರಲ್ಲಿ, ಸದರ್ನ್ ಮರಾಠಾ ರೇಲ್ವೆ ಕಂಪನಿಯು ಹುಟ್ಟಿತು. ಹಳಿ ಹಾಕಿದವರ ಲಕ್ಷ್ಯವು ಬಂದರಗಳು, ದಂಡು, ಹತ್ತಿ, ಧಾನ್ಯ ಇವುಗಳ ಮೇಲಿತ್ತೇ ಹೊರತು ಯಾತ್ರಿಕನ ಮೇಲಿರಲಿಲ್ಲ. ಆದುದರಿಂದಲೇ ನಮ್ಮ ಹಳಿಗಳು ತುಂಗಭದ್ರೆಯನ್ನು ಅಡ್ಡ ಹಾಯುವವು. ಆಕೆಯ ಜತೆಯಲ್ಲಿ ಸಾಗವು.

ಆ ಸೇತುವೆಗಳೋ, ಅಂದಿನ ರಾಜ್ಯಗಳ ಗಡಿಗಳಾಗಿದ್ದವು. ಹರಿಹರದಲ್ಲಿ ಹೊಳೆ ದಾಟಿದವನು ಮೈಸೂರು ಸಂಸ್ಥಾನವನ್ನು ಬಿಟ್ಟು ಮುಂಬಯಿ ಪ್ರಾಂತಕ್ಕೆ ಬರುತ್ತಿದ್ದನು. ಹೊಸಪೇಟೆಯಿಂದ ಮುನಿರಾಬಾದಿಗೆ ಹೋದವನು ಮದ್ರಾಸು ಪ್ರಾಂತದಿಂದ ನಿಜಾಮರ ಸೀಮೆಗೆ ಕಾಲಿಡುತ್ತಿದ್ದನು. ಆದರೆ ಯಾತ್ರಿಕನಿಗೆ ಈ ಗಡಿಗಳ ಪರಿವೆ ಎಲ್ಲಿಯದು? ಆನೆಗೊಂದಿಯವರು ಹರಿಗೋಲಿನಲ್ಲಿ ಹೊಳೆ ದಾಟಿ ವಿರೂಪಾಕ್ಷನ ತೇರೆಳೆದರು. ಹೊಯ್ಸಳರ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಗುಡಿಯಲ್ಲಿ, ಹರಿಯೂ ಹರನೂ ಒಂದೇ ಮೂರ್ತಿಯಾಗಿ ನಿಂತಿರುವಲ್ಲಿ, ಎರಡೂ ದಂಡೆಯ ಜನರು ಒಂದೇ ನುಡಿಯಲ್ಲಿ ಹರಕೆ ಹೊತ್ತರು. 1905ರಲ್ಲಿ ಹಂಪೆಯನ್ನು ಕಂಡು ಬಂದ ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿ ನಮ್ಮನ್ನು ಎಚ್ಚರಿಸುವದಕ್ಕಿಂತ ಎಷ್ಟೋ ಮೊದಲು, ಈ ಹೊಳೆಯ ಯಾತ್ರಿಕರು ಏಕೀಕರಣವನ್ನು ಕಾಲ್ನಡಿಗೆಯಲ್ಲಿ ಸಾಧಿಸಿದ್ದರು.

1956ನೆಯ ನವೆಂಬರ 1ರಂದು ನಮ್ಮ ದಾವೆಯು ಡಿಕ್ರಿಯಾಯಿತು. 1973ರಲ್ಲಿ ಕರ್ನಾಟಕವೆಂಬ ಹೆಸರೂ ದೊರೆಯಿತು. ಆದರೆ ಡಿಕ್ರಿಯಾದ ಮಾತ್ರಕ್ಕೆ ಸ್ವತ್ತು ಕೈಸೇರಲಿಲ್ಲವೆಂಬುದನ್ನು ಕೋರ್ಟಿನ ಮೆಟ್ಟಲು ಹತ್ತಿದ ಪ್ರತಿಯೊಬ್ಬನೂ ಬಲ್ಲನು. ಅಮಲ್ಜಾರಿಯಾಗಬೇಡವೇ? ಶೃಂಗೇರಿಗೆ ಹಳಿಯೇ ಇಲ್ಲ. ಶಿವಮೊಗ್ಗದಿಂದ ಹೊಳೆಯು ಕೂಡಲಿಯ ಮೇಲೆ ನೆಟ್ಟಗೆ ಹರಿಹರಕ್ಕೆ ಇಳಿಯುವದು. ಗಾಡಿಯು ಮಾತ್ರ ಬೀರೂರನ್ನು ಬಳಸಿ ಬರುವದು. ಹೊಸಪೇಟೆಯಿಂದ ಹೊರಟ ಹಳಿಯು ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಕೊಟ್ಟೂರನ್ನು ಮುಟ್ಟಿತ್ತು. ಅಲ್ಲಿಂದ ಹರಿಹರವನ್ನು ಕೂಡಲು ಅದಕ್ಕೆ ಇಪ್ಪತ್ತೊಂದನೆಯ ಶತಮಾನವೇ ಬರಬೇಕಾಯಿತು! ಹೊಸಪೇಟೆಯಿಂದ ಮಂತ್ರಾಲಯಕ್ಕೆ ಹೊರಟವನು ಹೊಳೆಯನ್ನು ಬಿಟ್ಟು ಬಳ್ಳಾರಿ, ಗುಂತಕಲ್ಲು, ಆದೋನಿಗಳನ್ನು ಸುತ್ತಿ, ಮಂತ್ರಾಲಯ ರೋಡ್ ಸ್ಟೇಶನ್ನಿನಲ್ಲಿ ಇಳಿದು, ಮತ್ತೆ ರಸ್ತೆಯನ್ನು ಹಿಡಿಯಬೇಕು.

ಮೋಟಾರುಗಳಿರುವಾಗ ಹಳಿಯೇಕೆ ಎಂದು ಕೆಲವರು ಕೇಳಬಹುದು. ಮೋಟಾರು ಇರುವವನಿಗೆ ಈ ಲೇಖನವು ಬೇಕಾಗಿಲ್ಲ. ಮುದಿತಾಯಿಯನ್ನು ರಾಯರ ಸನ್ನಿಧಿಗೆ ಕರೆದೊಯ್ಯಬೇಕೆಂಬ ಬಡ ಗುಮಾಸ್ತನೂ, ಸುಗ್ಗಿ ಮುಗಿಸಿ ಮಕ್ಕಳೊಡನೆ ಹೊರಡುವ ಒಕ್ಕಲಿಗನೂ ಕಡಿಮೆ ದರದ ಟಿಕೀಟಿನ ಗಾಡಿಯನ್ನೇ ನಂಬಿರುವರು. ಬಸ್ಸಿನಲ್ಲಿ ಮುದುಕರಿಗೆ ಕಾಲು ಚಾಚಲು ಎಡೆಯುಂಟೇ?

ಇನ್ನೊಂದು ಆಕ್ಷೇಪವು ಇದಕ್ಕಿಂತ ತೂಕವುಳ್ಳದ್ದು. 1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ಆದೋನಿ ತಾಲೂಕು ಆಂಧ್ರಕ್ಕೆ ಸಂದಿತು. ಮಂತ್ರಾಲಯವು ಇಂದು ಆಂಧ್ರಪ್ರದೇಶದಲ್ಲಿಯೂ, ಅಲಂಪುರವು ತೆಲಂಗಾಣದಲ್ಲಿಯೂ ಇರುವವು. ಹಾಗಿರಲು ಅಲ್ಲಿಯವರೆಗೆ ನಾವೇಕೆ ಹಳಿಯ ಮಾತೆತ್ತಬೇಕೆಂದು ಕೇಳುವರು. ಗಡಿಯ ತಕರಾರನ್ನು ಪುನಃ ಕೆದಕುವದು ನಮ್ಮ ಉದ್ದೇಶವಲ್ಲ. ರೇಲ್ವೆಯು ಕೇಂದ್ರ ಸರಕಾರದ್ದು. ಅದಕ್ಕೆ ರಾಜ್ಯಗಳ ಗಡಿಯ ಕಟ್ಟಿಲ್ಲ. ರಾಘವೇಂದ್ರಸ್ವಾಮಿಗಳು 1671ರಲ್ಲಿ ಬೃಂದಾವನಸ್ಥರಾದರು. ಕನ್ನಡಿಗರೂ ತೆಲುಗರೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನುಣ್ಣುವರು. ಯಾತ್ರೆಯ ಗಾಡಿಯಿಂದ ನೆರೆಯವರೊಡನೆ ಸ್ನೇಹವು ಬೆಳೆಯುವದಲ್ಲದೆ ಕೆಡುವ ಸಂಭವವಿಲ್ಲ.

ಆದುದರಿಂದ ನಾವು ಕೇಳತಕ್ಕವು ಮೂರು. ಶಿವಮೊಗ್ಗ ಹರಿಹರಗಳ ನಡುವೆ ನೇರವಾದ ಹಳಿಯು ಬೀಳಬೇಕು. ಅಲ್ಲಿಯವರೆಗೆ, ಇದ್ದ ಹಳಿಗಳ ಮೇಲೆಯೇ, ಶಿವಮೊಗ್ಗದಿಂದ ಹರಿಹರ, ಕೊಟ್ಟೂರು, ಹೊಸಪೇಟೆಗಳ ಮಾರ್ಗವಾಗಿ ಮಂತ್ರಾಲಯ ರೋಡಿಗೆ ದಿನನಿತ್ಯವೂ ಒಂದು ಗಾಡಿಯು ಓಡಬೇಕು. ಹೊಸಪೇಟೆಯಿಂದ ಹಂಪೆಗೂ, ಮಂತ್ರಾಲಯ ರೋಡಿನಿಂದ ಮಠಕ್ಕೂ ಹೋಗುವ ಬಸ್ಸುಗಳು ಆ ಗಾಡಿಯ ವೇಳೆಯನ್ನು ಕಾದು ಹೊರಡಬೇಕು. ಕೊನೆಯದಕ್ಕೆ ಹಣವೂ ಹೆಚ್ಚು ಬೇಡ. ಎರಡು ಇಲಾಖೆಯವರು ಕುಳಿತು ಒಂದು ವೇಳಾಪತ್ರಕವನ್ನು ಬರೆದರೆ ಸಾಕು.

ಗುರುವು ಮಕರರಾಶಿಯನ್ನು ಪ್ರವೇಶಿಸುವಾಗ ಒದಗುವ ತುಂಗಭದ್ರಾ ಪುಷ್ಕರವು ಕಳೆದ ಸಲ 2020ರಲ್ಲಿ ಬಂದಿತು. ಮುಂದಿನದು 2032ರಲ್ಲಿ ಬರುವದು. ಆ ಪರ್ವಕಾಲವೇ ನಮ್ಮ ಬೇಡಿಕೆಗೆ ಗಡುವಾಗಲಿ. ಉಪಾಧ್ಯಾಯರಲ್ಲಿ ನಮ್ಮದೊಂದು ವಿಜ್ಞಾಪನೆಯುಂಟು: ತರಗತಿಯ ಹಲಗೆಯ ಮೇಲೆ ಈ ಹೊಳೆಯನ್ನು ಮೂಲದಿಂದ ಸಂಗಮದವರೆಗೆ ಒಂದೇ ಗೆರೆಯಲ್ಲಿ ಬರೆಯಿರಿ, ಅದರ ಪಕ್ಕದಲ್ಲಿ ಇಂದಿನ ಹಳಿಯ ಗೆರೆಯನ್ನೂ ಎಳೆಯಿರಿ. ಎರಡು ಗೆರೆಗಳೂ ಹೀಗೇಕೆ ಅಗಲಿವೆಯೆಂದು ಮಕ್ಕಳು ಕೇಳದೆ ಇರರು. ಆ ಪ್ರಶ್ನೆಯನ್ನು ಊರೂರಿನ ಪುರಸಭೆ, ವಾಚನಾಲಯಗಳಿಂದ ಅರ್ಜಿಯ ರೂಪದಲ್ಲಿ ರೇಲ್ವೆಯವರಿಗೆ ಮುಟ್ಟಿಸುವದು ದೊಡ್ಡವರಾದ ನಮ್ಮ ಹೊಣೆ.