ಕಾಲು ಕೆಸರಾದರೆ ನಾಚಿಕೆ ಎಂತಕ್ಕೆ?



‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆ ನಮಗೆಲ್ಲ ಗೊತ್ತು. ಪರೀಕ್ಷೆಯಲ್ಲಿ ವಿಸ್ತರಿಸಿ ಬರೆಯಿರಿ ಎಂದು ಕೊಟ್ಟರೆ ಒಂದು ಪುಟ ತುಂಬಿಸುತ್ತೇವೆ. ಆದರೆ ಕಾಲು ಕೆಸರಾದರೆ ಏನು ಸಿಗುತ್ತದೆ ಎಂದು ಯಾರೂ ಕೇಳುವುದಿಲ್ಲ. ನನಗೆ ಸಿಕ್ಕಿದ್ದನ್ನು ಹೇಳಿ, ಕೊನೆಗೆ ನಮ್ಮ ಶಾಲೆಯ ಹತ್ತಿರ ಒಂದು ವಿಷಯ ಕೇಳಿಕೊಳ್ಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಏಳನೇ ತರಗತಿಯವರೆಗೆ ಚೆನ್ನಾಗಿ ಓಡುತ್ತಿದ್ದೆ. ಆ ವರ್ಷ ವಲಯ ಮಟ್ಟದ 200 ಮೀಟರ್ ಓಟದಲ್ಲಿ ತಿರುವಿನ ಹತ್ತಿರ ಕಾಲು ಉಳುಕಿ ಎಲ್ಲರೆದುರು ಬಿದ್ದೆ. ನೋವು ಮೂರು ವಾರದಲ್ಲಿ ಹೋಯಿತು, ನಾಚಿಕೆ ಮಾತ್ರ ಹೋಗಲಿಲ್ಲ. ಎಂಟನೆಯಲ್ಲಿ ಪಿ.ಟಿ. ಮಾಷ್ಟ್ರು “ಹೆಸರು ಕೊಡ್ತೀಯಾ?” ಎಂದು ಕೇಳಿದಾಗ “ಕಾಲು ನೋವು ಸರ್” ಎಂದೆ. ಅದು ಸುಳ್ಳು. ಮತ್ತೆ ಯಾರೂ ಕೇಳಲಿಲ್ಲ. ಕ್ರೀಡಾಕೂಟದ ದಿನ ಸುಣ್ಣದ ಗೆರೆ ಹಾಕುವುದು, ಓಡಿ ಬಂದವರಿಗೆ ನೀರು ಕೊಡುವುದು, ಚಪ್ಪಾಳೆ ಹೊಡೆಯುವುದು ಇಷ್ಟೇ ನನ್ನ ಕೆಲಸವಾಯಿತು. ನನ್ನ ಹಾಗೆ ಬದಿಯಲ್ಲಿ ಕೂತವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಹುಡುಗಿಯರೇ ಹೆಚ್ಚು.

ಈ ಸಲ ಆಟಿ ತಿಂಗಳ ಒಂದು ಭಾನುವಾರ ನಮ್ಮ ಬೈಲಿನಲ್ಲಿ ‘ಕೆಸರ್‌ಡ್ ಒಂಜಿ ದಿನ’ ಇತ್ತು. ಒಂದು ಗದ್ದೆಗೆ ನೇಜಿ ನೆಡದೆ, ಟಿಲ್ಲರಿನಲ್ಲಿ ಉತ್ತು ನೀರು ನಿಲ್ಲಿಸಿದ್ದರು. ಹಾಳೆಯಲ್ಲಿ ಕೂರಿಸಿ ಎಳೆಯುವುದು, ಹಿಮ್ಮುಖ ಓಟ, ಹಗ್ಗಜಗ್ಗಾಟ ಎಲ್ಲ ಇತ್ತು. ನಾನು ಹೋದದ್ದು ನೋಡ್ಲಿಕ್ಕೆ. ಆದರೆ ಹೆಂಗಸರ ಓಟಕ್ಕೆ ಕರೆದಾಗ ದೊಡ್ಡಮ್ಮ ಸೀರೆ ಎತ್ತಿ ಕಟ್ಟಿ, “ನಾನೇ ಓಡ್ತೇನೆ, ನಿಂಗೆ ಎಂತ ದಾಡಿ? ಬಾ ಮಾರಾಯ್ತಿ!” ಎಂದು ನನ್ನ ಕೈ ಹಿಡಿದು ಇಳಿಸಿಯೇ ಬಿಟ್ಟರು.

ಈ ಹುಣಿಯಿಂದ ಆ ಹುಣಿಗೆ ಓಡಬೇಕು, ಅಷ್ಟೇ. ಸೀಟಿ ಊದಿದರು. ಒಂದು ಕಾಲು ಮುಂದೆ ಇಟ್ಟೆ, ಅದು ಹೂತು ಹೋಯಿತು. ಹಿಂದಿನ ಕಾಲು ಮೇಲೆ ಬರಲೇ ಇಲ್ಲ. ತಾಲೂಕು ಮಟ್ಟಕ್ಕೆ ಹೋಗಿ ಬಂದ ನಮ್ಮ ಶಾಲೆಯ ಅಕ್ಕ ನಾಲ್ಕನೇ ಹೆಜ್ಜೆಗೇ ಮುಖ ಕೆಳಗಾಗಿ ಬಿದ್ದರು. ನಾನು ಎರಡು ಸಲ ಬಿದ್ದೆ. ದೊಡ್ಡಮ್ಮ ನಗುತ್ತಾ ನನ್ನನ್ನು ದಾಟಿ ಹೋದರು. ಎಂಟು ಜನರಲ್ಲಿ ನಾನು ಆರನೆಯವಳು. ಆದರೆ ಅಲ್ಲಿ ಬೀಳದವರು ಯಾರಿದ್ದರು? ಎಲ್ಲರ ಮೈಯೂ ಒಂದೇ ಬಣ್ಣ. ಎರಡು ವರ್ಷದಿಂದ ನಾನು ಹೆದರುತ್ತಿದ್ದ ವಿಷಯ ಅಲ್ಲಿ ಎಲ್ಲರಿಗೂ ಆಗುತ್ತಿತ್ತು, ಎಲ್ಲರೂ ನಗುತ್ತಿದ್ದರು.

ಇದಕ್ಕೆ ಕಾರಣ ಉಂಟು. ಗಟ್ಟಿ ನೆಲದಲ್ಲಿ ಕಾಲು ಚಿಮ್ಮುತ್ತದೆ. ಕೆಸರಿನಲ್ಲಿ ಪ್ರತಿ ಹೆಜ್ಜೆಗೂ ಕಾಲನ್ನು ಕಿತ್ತು ತೆಗೆಯಬೇಕು. ಹಾಗಾಗಿ ವೇಗದ ಓಟಗಾರರಿಗೂ ಉಳಿದವರಿಗೂ ಇರುವ ಅಂತರ ಕಡಿಮೆಯಾಗುತ್ತದೆ. ಬಿದ್ದರೂ ಮಂಡಿ ತರಚುವುದು ಕಡಿಮೆ. ನಮ್ಮ ಜಿಲ್ಲೆಯ ಕಂಬಳದ ಓಟಗಾರ ಶ್ರೀನಿವಾಸ ಗೌಡ ಅವರು 2020ರ ಫೆಬ್ರವರಿಯಲ್ಲಿ ಐಕಳದಲ್ಲಿ 142.5 ಮೀಟರ್ ಉದ್ದದ ಕರೆಯಲ್ಲಿ 13.62 ಸೆಕೆಂಡಿನಲ್ಲಿ ಕೋಣಗಳ ಜೊತೆ ಓಡಿ ದೇಶಕ್ಕೆಲ್ಲ ಸುದ್ದಿಯಾದರು. ಟ್ರ್ಯಾಕಿನಲ್ಲಿ ಓಡಿ ತೋರಿಸಲು ಸರಕಾರದಿಂದ ಕರೆ ಬಂತು. ಅವರು ಒಪ್ಪಲಿಲ್ಲ. ಕೋಣಗಳ ವೇಗವೂ ಅದರಲ್ಲಿ ಇದೆ, ಕಂಬಳದ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ ಎಂಬುದು ಅವರ ಮಾತು. ಅಂದರೆ ಓಟ ಒಂದೇ ಬಗೆಯದ್ದಲ್ಲ. ಒಂದು ಕಡೆ ಸೋತವರು ಎಲ್ಲಾ ಕಡೆ ಸೋತವರಲ್ಲ.

ಮರುದಿನ ಬೆಳಿಗ್ಗೆ ಹಾಲಿನ ಸೊಸೈಟಿಯಿಂದ ಬರುವಾಗ ಖಾಲಿ ಕ್ಯಾನು ಹಿಡಿದುಕೊಂಡೇ ಓಡಿದೆ. ಅಶ್ವತ್ಥಕಟ್ಟೆಯ ಹತ್ತಿರ ಉಸಿರು ಕಟ್ಟಿ ನಿಂತೆ. ಈಗ ಸ್ವಲ್ಪ ಓಡುವುದು, ಸ್ವಲ್ಪ ನಡೆಯುವುದು, ಹೀಗೆ ಮನೆಯವರೆಗೆ ಬರುತ್ತೇನೆ. ಕಾಲಿನ ಗಂಟು ಗಟ್ಟಿಯಾಗಲು ಹಲ್ಲುಜ್ಜುವಾಗ ಒಂದು ಕಾಲಿನಲ್ಲಿ ನಿಲ್ಲು ಎಂದು ಪಿ.ಟಿ. ಮಾಷ್ಟ್ರು ಹೇಳಿದ್ದಾರೆ. ಅದನ್ನೂ ಮಾಡುತ್ತೇನೆ. ನೋಡಿ ತಮ್ಮ ‘ಕೊಕ್ಕರೆ’ ಎಂದು ಕರೆಯುತ್ತಾನೆ.

ಈಗ ನನ್ನ ಅಭಿಪ್ರಾಯ. ನಮ್ಮ ಕ್ರೀಡಾಕೂಟದಲ್ಲಿ ಮೊದಲು ಆಯ್ಕೆ, ಮತ್ತೆ ಆರು ಜನರ ಓಟ, ಮೂವರಿಗೆ ಬಹುಮಾನ. ವಲಯಕ್ಕೆ, ತಾಲೂಕಿಗೆ ಕಳಿಸಲು ಅದು ಬೇಕು, ಬೇಡ ಎನ್ನುವುದಿಲ್ಲ. ಆದರೆ ಒಮ್ಮೆ ಬಿಟ್ಟವರು ವಾಪಸು ಬರಲು ಅದರಲ್ಲಿ ದಾರಿ ಇಲ್ಲ. ಆದ್ದರಿಂದ ವರ್ಷಕ್ಕೊಮ್ಮೆ, ಆಟಿಯ ಒಂದು ಶನಿವಾರ, ಶಾಲೆಯವರೆಲ್ಲ ಓಡುವ ಕೆಸರುಗದ್ದೆ ಓಟ ಇಡಬೇಕು. ಆಯ್ಕೆ ಬೇಡ, ಒಂದನೇ ಎರಡನೇ ಎಂಬುದೂ ಬೇಡ. ಮಾಷ್ಟ್ರು, ಟೀಚರ್‌ಗಳೂ ಇಳಿಯಬೇಕು!

ಜ್ವರ ಬಂದರೆ ಎಂದು ಮನೆಯವರು ಕೇಳಬಹುದು. ಸರಿಯಾದ ಪ್ರಶ್ನೆಯೇ. ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಬರುತ್ತದೆ, ಅದು ಗಾಯದ ಮೂಲಕ ಒಳಗೆ ಹೋಗುತ್ತದೆ. ಹಾಗಾಗಿ ಕಾಲಿನಲ್ಲಿ ಗಾಯ ಇದ್ದವರು ಇಳಿಯಬಾರದು. ಉಳುಕಿದ ನೋವು ಪೂರ್ತಿ ಹೋಗದವರೂ ಇಳಿಯಬಾರದು. ಗಾಜಿನ ಚೂರು, ಮುಳ್ಳು ಉಂಟಾ ಎಂದು ದೊಡ್ಡವರು ಮೊದಲೇ ನೋಡಬೇಕು. ಆಟ ಮುಗಿದ ಕೂಡಲೇ ಒಳ್ಳೆಯ ನೀರಿನಲ್ಲಿ ಸೋಪು ಹಾಕಿ ಮೈ ತೊಳೆಯಬೇಕು. ಮತ್ತೆ ಜ್ವರ ಬಂದರೆ ಕೆಸರಿಗೆ ಇಳಿದದ್ದನ್ನು ಡಾಕ್ಟರಿಗೆ ಹೇಳಬೇಕು.

ಇನ್ನೊಂದು ಮಾತು ನನ್ನ ಕಿವಿಗೇ ಬಿದ್ದಿದೆ. “ಇಷ್ಟು ದೊಡ್ಡ ಹುಡುಗಿಯರು ಕೆಸರಲ್ಲಿ ಓಡುವುದಾ?” ಎಂದು. ಈ ಬೈಲಿನಲ್ಲಿ ನೇಜಿ ನೆಟ್ಟವರು ಯಾರು? ನಮ್ಮ ಅಮ್ಮಂದಿರು, ಅಜ್ಜಿಯರು. ಮಳೆಯಲ್ಲಿ ಇಡೀ ದಿನ ಬಗ್ಗಿ ಅದೇ ಕೆಸರಿನಲ್ಲಿ ನಿಂತಾಗ ಅದು ಯಾರಿಗೂ ತಪ್ಪಾಗಿ ಕಾಣಲಿಲ್ಲ. ಅವರ ಮಗಳು ಅಲ್ಲಿಯೇ ಅರ್ಧ ಗಂಟೆ ನಗುತ್ತಾ ಓಡಿದರೆ ತಪ್ಪು ಹೇಗಾಗುತ್ತದೆ? ಹೇಳುವವರು ಸ್ವಲ್ಪ ಯೋಚಿಸಬೇಕು.

ಈ ಸಲದ ಶಾಲಾ ಕ್ರೀಡಾಕೂಟದ 400 ಮೀಟರಿಗೆ ನಾನು ಹೆಸರು ಕೊಟ್ಟಿದ್ದೇನೆ. ಗೆಲ್ಲುತ್ತೇನೆ ಎಂಬ ಧೈರ್ಯ ಇಲ್ಲ. ಬಿದ್ದರೆ ಎದ್ದು ಓಟ ಮುಗಿಸುತ್ತೇನೆ ಎಂಬ ಧೈರ್ಯ ಉಂಟು. ‘ಕಾಲು ನೋವು’ ಎಂದು ಹೇಳಿ ಬದಿಯಲ್ಲಿ ಕೂತ ಗೆಳತಿಯರೇ, ಗೆಳೆಯರೇ, ನಿಮ್ಮ ಕಾಲು ನಿಜವಾಗಿ ನೋಯುತ್ತಿದೆಯಾ? ಇಲ್ಲವಾದರೆ ನಾಳೆ ಬೆಳಿಗ್ಗೆ ಸೊಸೈಟಿಯ ಹತ್ತಿರ ಬನ್ನಿ, ಕಟ್ಟೆಯವರೆಗೆ ಒಟ್ಟಿಗೆ ಓಡುವ. ನನ್ನ ಮಾತು ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆದು ಕೊಡಿ.

– 9ನೇ ತರಗತಿಯ ಓರ್ವ ವಿದ್ಯಾರ್ಥಿನಿ